ನಿಂತ ಗಡಿಯಾರ ಮತ್ತೆ ನಡೆಯಿತು

ಪೋಲೆಂಡ್ ದೇಶದ ರಾಜಧಾನಿಯಾದ ವಾರ್ಸಾ ನಗರದಲ್ಲಿ, ವಿಸ್ತುಲಾ ನದಿಯ ದಡದ ದಿಣ್ಣೆಯ ಮೇಲೆ, ಒಂದು ಅರಮನೆಯಿದೆ. ಅದರ ಗೋಪುರದ ಗಡಿಯಾರವು ೧೯೩೯ನೆಯ ಇಸವಿ ಸೆಪ್ಟೆಂಬರ್ ೧೭ರಂದು ಬೆಳಗ್ಗೆ ೧೧ ಗಂಟೆ ೧೫ ನಿಮಿಷಕ್ಕೆ ನಿಂತುಹೋಯಿತು. ಮತ್ತೆ ಅದು ನಡೆದದ್ದು ೧೯೭೪ರ ಜುಲೈ ೧೯ರಂದು, ಅದೇ ೧೧ ಗಂಟೆ ೧೫ ನಿಮಿಷಕ್ಕೆ. ನಡುವಣ ಸುಮಾರು ಮೂವತ್ತೈದು ವರ್ಷ ಆ ಊರಿನವರು ಏನು ಮಾಡಿದರೆಂಬುದೇ ಇಂದು ನಾನು ಹೇಳಬೇಕೆಂದಿರುವ ವಿಷಯ.

ಅರಮನೆಯೆಂದೊಡನೆ ಸಿಂಹಾಸನ, ದರ್ಬಾರು ನೆನಪಿಗೆ ಬರುತ್ತವೆ. ಇಲ್ಲಿ ಅವೂ ಇದ್ದುವು. ಆದರೆ ಆ ದೇಶದ ಪ್ರತಿನಿಧಿಸಭೆಯೂ ಇದೇ ಸೂರಿನಡಿಯಲ್ಲಿ ಸೇರುತ್ತಿತ್ತು. ಯೂರೋಪಿನ ಮೊದಲ ಆಧುನಿಕ ಲಿಖಿತ ಸಂವಿಧಾನವೆಂದು ಅನೇಕರು ಎಣಿಸುವ ಸಂವಿಧಾನವು ೧೭೯೧ರ ಮೇ ೩ರಂದು ಅಂಗೀಕೃತವಾದದ್ದು ಇಲ್ಲಿಯೇ. ನಾಲ್ಕೇ ವರ್ಷಗಳಲ್ಲಿ ನೆರೆರಾಜ್ಯಗಳು ಪೋಲೆಂಡನ್ನು ಪೂರ್ತಿಯಾಗಿ ಹಂಚಿಕೊಂಡುವು. ೧೯೧೮ರವರೆಗೆ ಭೂಪಟದಲ್ಲಿ ಆ ದೇಶವೇ ಇರಲಿಲ್ಲ. ದೇಶವಿಲ್ಲದ ಜನಕ್ಕೆ ಇಂಥದೊಂದು ಕಟ್ಟಡ ಏನಾಗಿದ್ದಿತೆಂಬುದನ್ನು ಕೇಳುಗರು ಊಹಿಸಬಲ್ಲರು. ಹಿಟ್ಲರನೂ ಅದನ್ನು ಬಲ್ಲವನಾಗಿದ್ದ. ಅದನ್ನು ಸಿಡಿಸಿಬಿಡಿರೆಂದು ಅವನ ಅಪ್ಪಣೆಯಾಯಿತು.

ಸೆಪ್ಟೆಂಬರ್ ೧೭ರ ಫಿರಂಗಿ ದಾಳಿಯಲ್ಲಿ ಅರಮನೆಯ ಚಾವಣಿಗೆ ಬೆಂಕಿ ಹತ್ತಿತು. ಅರಮನೆಯ ಸಂಗ್ರಹಗಳನ್ನು ನೋಡಿಕೊಳ್ಳುತ್ತಿದ್ದ ಕಜಿಮಿಯೆಜ್ ಬ್ರೋಕ್ಲ್ ಎಂಬ ಅಧಿಕಾರಿ ಅಂದೇ ಅಲ್ಲಿಯೇ ಮಡಿದರು. ಊರು ಶತ್ರುವಿನ ಕೈಸೇರಿತು. ಸಿಡಿಮದ್ದು ತುಂಬಲೆಂದು ಗೋಡೆಗಳಲ್ಲಿ ಸಾವಿರಾರು ತೂತುಗಳನ್ನು ಕೊರೆದರು.

ಇಂಥ ಸಮಯದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ಸ್ಟಾನಿಸ್ವಾಫ್ ಲೊರೆಂಟ್ಸ್ ಎಂಬವರೂ ಅವರ ಜೊತೆಗಾರರೂ ಒಂದು ಕೆಲಸಕ್ಕೆ ಕೈಹಾಕಿದರು. ಚಿತ್ರಪಟಗಳನ್ನು ಸಾಗಿಸಿದ್ದು ಹಾಗಿರಲಿ. ಬಾಗಿಲುಗಳು, ಅಗ್ಗಿಷ್ಟಿಕೆಯ ಕೆತ್ತನೆಯ ಕಲ್ಲುಗಳು, ನೆಲಕ್ಕೆ ಹಾಸಿದ್ದ ಮರದ ಹಲಗೆಗಳು, ಗೋಡೆಯ ಅಲಂಕಾರದ ತುಣುಕುಗಳು, ಇವನ್ನೂ ಕಿತ್ತು ಸಾಗಿಸಿದರು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯ. ಮನೆಯೇ ಉಳಿಯದಿರುವಾಗ ಬಾಗಿಲಿನಿಂದೇನು ಪ್ರಯೋಜನವೆಂದು ಯಾರಾದರೂ ಕೇಳಿದ್ದರೆ, ಆಗ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಐದು ವರ್ಷಗಳ ಮೇಲೆ, ೧೯೪೪ರಲ್ಲಿ, ವಾರ್ಸಾದ ಜನ ದಂಗೆಯೆದ್ದು ಸೋತರು. ಆಗ ಜರ್ಮನರು ಆ ತೂತುಗಳಿಗೆ ಮದ್ದು ತುಂಬಿ ಅರಮನೆಯನ್ನು ಹಾರಿಸಿಬಿಟ್ಟರು. ಉಳಿದದ್ದು ಕೆಲವು ಮೋಟುಗೋಡೆಗಳು ಮಾತ್ರ.

ಯುದ್ಧ ಮುಗಿಯಿತು. ಸುತ್ತಣ ಹಳೆಯ ಪೇಟೆಯನ್ನು ಜನ ಬೇಗನೆ ಕಟ್ಟಿಕೊಂಡರು. ಅರಮನೆಯನ್ನೂ ಕಟ್ಟಬೇಕೆಂದು ೧೯೪೯ರಲ್ಲಿ ಪ್ರತಿನಿಧಿಸಭೆ ನಿರ್ಣಯ ಮಾಡಿತು. ನಿರ್ಣಯ ಕಾಗದದಲ್ಲಿಯೇ ಉಳಿಯಿತು. ೧೯೭೧ರ ಜನವರಿಯಲ್ಲಿ ಅನುಮತಿ ದೊರೆತು, ನಾಗರಿಕರ ಸಮಿತಿಯೊಂದು ಏರ್ಪಟ್ಟಿತು. ಅರಮನೆಯ ಮುಂದಿನ ಚೌಕದಲ್ಲಿ ಕಾಣಿಕೆಯ ಪೆಟ್ಟಿಗೆಯನ್ನಿಟ್ಟರು. ಊರವರೂ ಹಣ ಹಾಕಿದರು, ಪರದೇಶಗಳಲ್ಲಿ ನೆಲಸಿದ್ದ ಪೋಲಿಷರೂ ಕಳುಹಿಸಿದರು. ಹಣವಿಲ್ಲದವರು ಸಂಬಳವಿಲ್ಲದೆ ಮೈಮುರಿದು ದುಡಿದರು. ೧೯೭೪ಕ್ಕೆ ಗೋಪುರ ಎದ್ದು ಗಡಿಯಾರ ನಡೆಯಿತು. ೧೯೮೪ರಲ್ಲಿ ಒಳಗಣ ಕೋಣೆಗಳೂ ಜನರಿಗೆ ತೆರೆದುವು.

ಬಾಗಿಲುಗಳ ಪ್ರಯೋಜನ ಕಂಡದ್ದು ಆಗ. ಎಲ್ಲಿ ಯಾವ ಕೆತ್ತನೆ, ಯಾವ ಅಳತೆ, ಯಾವ ಬಣ್ಣವೆಂಬುದಕ್ಕೆ ಉಳಿಸಿದ ತುಣುಕುಗಳೇ ಸಾಕ್ಷಿ ನುಡಿದುವು. ಹಳೆಯ ನಕ್ಷೆಗಳು, ಛಾಯಾಚಿತ್ರಗಳು, ಹದಿನೆಂಟನೆಯ ಶತಮಾನದಲ್ಲಿ ಬೆಲೊತ್ತೊ ಎಂಬ ಆಸ್ಥಾನ ಚಿತ್ರಕಾರ ಬರೆದ ನಗರದ ನೋಟಗಳು ಮಿಕ್ಕುದನ್ನು ಹೇಳಿದುವು. ಹಳೆಯ ತುಣುಕುಗಳನ್ನು ಹೊಸ ಗೋಡೆಗಳಲ್ಲಿ ಅವುಗಳ ಹಿಂದಿನ ಜಾಗದಲ್ಲಿಯೇ ಕೂಡಿಸಿದರು.

ಇಷ್ಟಾದರೂ ಇದು ಹಳೆಯ ಅರಮನೆಯೆ, ಹೊಸದಾಗಿ ಕಟ್ಟಿದ ನಕಲಲ್ಲವೆ, ಎಂಬ ಪ್ರಶ್ನೆ ಉಂಟು. ಅದು ನ್ಯಾಯವಾದ ಪ್ರಶ್ನೆಯೇ. ಗೋಡೆಗಳಲ್ಲಿ ಬಹುಪಾಲು ಹೊಸವೆಂಬುದನ್ನು ವಾರ್ಸಾದವರು ಮುಚ್ಚಿಡುವುದಿಲ್ಲ. ವಿಶ್ವಸಂಸ್ಥೆಯ ಯುನೆಸ್ಕೊ ೧೯೮೦ರಲ್ಲಿ ಹಳೆಯ ಪೇಟೆಯನ್ನೂ ಅರಮನೆಯನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು, ನಾಶವಾದುದನ್ನು ಇಷ್ಟು ನಿಷ್ಠೆಯಿಂದ ಮರಳಿ ಕಟ್ಟಿದ್ದಾರೆಂಬ ಕಾರಣಕ್ಕೇ. ಕಲ್ಲು ಹೊಸದಿರಬಹುದು, ಅದನ್ನು ಬೇಕೆಂದವರ ಹಂಬಲ ಹಳೆಯದು.

ಹಳೆಯ ಕಟ್ಟಡಗಳ ಮಾತು ಬಂದಾಗ ನಾವು ಮೊದಲು ಹಣದ ಲೆಕ್ಕ ಹಾಕುತ್ತೇವೆ. ವಾರ್ಸಾದಲ್ಲಿ ಹಣ ಬಂದದ್ದು ಕಡೆಯಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಯಾರೋ ಅಳತೆ ತೆಗೆದಿದ್ದರು, ಯಾರೋ ಒಂದು ಬಾಗಿಲನ್ನು ಜೋಪಾನ ಮಾಡಿದ್ದರು. ನಮ್ಮ ಊರಿನ ಹಳೆಯ ಶಾಲೆಯ ಗೋಡೆಯೋ ಚಾವಡಿಯ ಕಂಬವೋ ವಾಲುತ್ತಿದ್ದರೆ, ಅದರ ಅಳತೆ ತೆಗೆದು ಒಂದು ಚಿತ್ರವನ್ನಾದರೂ ಇಟ್ಟುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಂದೆ ಕಟ್ಟುವವರು ಬಂದಾಗ ಅವರು ಮೊದಲು ಕೇಳುವುದು ಅದನ್ನೇ.