ಬ್ಯಾಟರಿಗೂ ನೆರಳು ಬೇಕು
(ದಿಲ್ಲಿಯ ನಮ್ಮ ವಾಚನಾಲಯದಲ್ಲಿ ಬಡಗಿ ಬಂಧುವೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಆದರೆ ಇಲ್ಲಿಗೆ ಪತ್ರಿಕೆ ಓದಲು ಬರುವವರಲ್ಲಿ ಡ್ರಿಲ್ಲು ಹಿಡಿದು ಹೊಟ್ಟೆ ಹೊರೆಯುವವರು ಅನೇಕರಿದ್ದಾರೆ. ಗುಮಾಸ್ತ ಮಿತ್ರರ ಮನೆಗಳಲ್ಲೂ ಈಗ ಕಾರ್ಡ್‌ಲೆಸ್ ಡ್ರಿಲ್ಲು ಕಾಣುತ್ತದೆ. ಆದ್ದರಿಂದ ಕಾರ್ಯದರ್ಶಿಗಳ ಮಾತಿಗೆ ಒಪ್ಪಿ, ಕೈಸುಟ್ಟುಕೊಂಡು ಕಲಿತದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಒಂದು ಮೇ ತಿಂಗಳು. ಮಹಡಿಯ ಮೇಲೆ ಕೆಲಸ. ಬ್ಯಾಟರಿಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬಿಸಿಲಲ್ಲೇ ಬಿಟ್ಟು ಊಟಕ್ಕೆ ಹೋದೆ. ಬಂದು ಚಾರ್ಜಿಗೆ ಹಾಕಿದರೆ ದೀಪ ಮಿಟುಕಿತೇ ಹೊರತು ಚಾರ್ಜು ಆಗಲಿಲ್ಲ. ಚಾರ್ಜರು ಕೆಟ್ಟಿತೆಂದು ಪಕ್ಕದವನ ಅಗ್ಗದ ಚಾರ್ಜರಿಗೆ ಹಾಕಿದೆ. ಅದು ತಡೆಯಲಿಲ್ಲ, ತುಂಬಿತು. ಬೇಸಿಗೆಯಿಡೀ ಹೀಗೇ ನಡೆಯಿತು. ದೀಪಾವಳಿಯ ಹೊತ್ತಿಗೆ ಒಂದು ಬ್ಯಾಟರಿ ಹತ್ತು ತೂತು ಕೊರೆಯುವಷ್ಟರಲ್ಲಿ ಸೋಲುತ್ತಿತ್ತು. ಇನ್ನೊಂದು ಚಾರ್ಜನ್ನೇ ಹಿಡಿಯದಾಯಿತು. ಹೊಸದು ಕೊಳ್ಳಲು, ಹಬ್ಬಕ್ಕೆ ಊರಿಗೆ ಕಳಿಸಬೇಕಾದ ಹಣ ಹೋಯಿತು. ಆ ದೀಪ ಹೇಳಿದ್ದು "ಮೈ ಕಾದಿದೆ, ತಾಳು" ಎಂದು, ನನಗೆ ತಿಳಿಯಲಿಲ್ಲ.

ಈ ಲಿಥಿಯಂ-ಅಯಾನ್ ಬ್ಯಾಟರಿಗಳು ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. 18 ವೋಲ್ಟಿನ ಬ್ಯಾಟರಿಯೊಳಗೆ 3.6 ವೋಲ್ಟಿನ 5 ಸೆಲ್ಲುಗಳು ಒಂದಕ್ಕೊಂದು ಜೋಡಿಸಿರುತ್ತವೆ. ಕಾವು ಏರಿದಷ್ಟೂ ಸೆಲ್ಲು ಬೇಗ ಸವೆಯುತ್ತದೆ. ಪೂರ್ತಿ ತುಂಬಿ ಬಿಸಿಯಲ್ಲಿಟ್ಟರೆ ಇನ್ನೂ ಬೇಗ. ಹೀಗೆ ಕಳೆದ ಶಕ್ತಿ ತಣ್ಣಗಾದ ಮೇಲೂ ಮರಳದು.

ಚಳಿಯ ಸಂಗತಿ ಬೇರೆ. ಲೇಹ್‌ನಂಥ ಕಡೆ ಕೆಲಸಕ್ಕೆ ಹೋಗುವವರು ಗಮನಿಸಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಲಿಥಿಯಂ ಒಳಗಿನ ಗ್ರಾಫೈಟಿನಲ್ಲಿ ಇಳಿಯದೆ ಅದರ ಮೇಲೆ ಲೋಹವಾಗಿ ಕೂರುತ್ತದೆ. ಶಕ್ತಿ ಕುಗ್ಗುತ್ತದೆ, ಒಳಗೇ ಶಾರ್ಟ್ ಆಗುವ ಅಪಾಯವೂ ಉಂಟು. ಚಳಿಯಲ್ಲಿ ಡ್ರಿಲ್ಲು ಓಡಿಸಬಹುದು, ಬಲ ಕೊಂಚ ಕಡಿಮೆ ಅಷ್ಟೆ. ಚಾರ್ಜು ಮಾತ್ರ ಕೂಡದು.

ಇನ್ನು ಮಾಡಬೇಕಾದದ್ದು. ಚಾರ್ಜಿಗೆ ಹಾಕುವ ಮುಂಚೆ ಬ್ಯಾಟರಿಯನ್ನು ಮುಟ್ಟಿ ನೋಡಿ. ಬಿಸಿಯಿದ್ದರೆ ನೆರಳಿನಲ್ಲಿ ಅರ್ಧ ಗಂಟೆಯಾದರೂ ಬಿಡಿ, ನೀರು ಹಾಕಬೇಡಿ. ಕೊರೆಯುವ ಚಳಿಯಲ್ಲಿದ್ದರೆ ಕೋಣೆಯೊಳಗೆ ತಂದು ಕೆಲವು ಗಂಟೆ ಇಡಿ. ಒಲೆಯ ಮುಂದೆ ಕಾಯಿಸಬೇಡಿ. ದಿಲ್ಲಿಯ ಬೇಸಿಗೆಯಲ್ಲಿ ಮುಂಜಾವವೇ ಚಾರ್ಜಿಗೆ ಒಳ್ಳೆಯ ಹೊತ್ತು. ರಜೆಯಲ್ಲಿ ಊರಿಗೆ ಹೋಗುವಾಗ ಅರ್ಧದಷ್ಟು ಚಾರ್ಜಿರಿಸಿ, ಡ್ರಿಲ್ಲಿನಿಂದ ಕಳಚಿ, ತಂಪಾದ ಒಣ ಜಾಗದಲ್ಲಿಡಿ.

ಕೊನೆಯ ಮಾತು. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವವರು ನಾವು. ಹಾಸಿಗೆಯ ಮೇಲಾಗಲಿ, ಬಾಗಿಲ ದಾರಿಯಲ್ಲಾಗಲಿ ರಾತ್ರಿಯಿಡೀ ಚಾರ್ಜಿಗೆ ಹಾಕಬೇಡಿ. ಬಿದ್ದು ಒಡೆದ, ಉಬ್ಬಿದ ಬ್ಯಾಟರಿಯನ್ನಂತೂ ಹಾಕಲೇಬೇಡಿ. ಬೆಂಕಿ ಹತ್ತಿದರೆ ಹೊರಬೀಳುವ ದಾರಿ ಅದೊಂದೇ. ಬ್ಯಾಟರಿ ಹೋದರೆ ಇನ್ನೊಂದು ಕೊಂಡೇವು. ನಿಮ್ಮನ್ನು ಊರಲ್ಲಿ ಕಾಯುವವರಿದ್ದಾರೆ.