ಹದಿನೆಂಟು ತುಂಬಿದ ಯತೀಮ್ ಎಲ್ಲಿಗೆ ಹೋಗಬೇಕು?

(ಯತೀಮ್‌ಖಾನಾ ಹಾಗೂ ವಿದ್ಯಾರ್ಥಿ ನಿಲಯಗಳ ನಿರ್ವಾಹಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕಾ ಕಚೇರಿಗೆ ಓರ್ವ ಯುವಕ ಬಂದಿದ್ದ. ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಆರನೆಯ ವಯಸ್ಸಿನಿಂದ ಯತೀಮ್‌ಖಾನಾವೊಂದರಲ್ಲಿ ಬೆಳೆದವನು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ. ಕುರ್‌ಆನ್ ಪಾರಾಯಣವೂ ಸೊಗಸಾಗಿತ್ತು. ಹದಿನೆಂಟು ತುಂಬಿದ ತಿಂಗಳಲ್ಲಿ ಒಂದು ಜೊತೆ ಹೊಸ ಬಟ್ಟೆ ಕೊಟ್ಟು, ದುಆ ಮಾಡಿ ಅವನನ್ನು ಬೀಳ್ಕೊಟ್ಟಿದ್ದರು. ಅವನಿಗೆ ಬ್ಯಾಂಕ್ ಖಾತೆ ಇರಲಿಲ್ಲ. ಆಧಾರ್‌ನಲ್ಲಿದ್ದ ವಿಳಾಸ ತಾನು ಬಿಟ್ಟು ಬಂದ ಸಂಸ್ಥೆಯದ್ದು. ಕೆಲಸ ಕೇಳಿದಲ್ಲೆಲ್ಲ 'ನಿನ್ನ ಕಡೆಯವರು ಯಾರು?' ಎಂಬ ಪ್ರಶ್ನೆ. ಅವನು ನಮ್ಮಲ್ಲಿ ಹಣ ಕೇಳಲಿಲ್ಲ. ಬಾಡಿಗೆ ಕೋಣೆಗೆ ಜಾಮೀನು ನಿಲ್ಲುವ ಒಬ್ಬ ಮನುಷ್ಯನನ್ನು ಕೇಳಿದ.

ಆ ಸಂಸ್ಥೆಯನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಹನ್ನೆರಡು ವರ್ಷ ಅವನಿಗೆ ಅನ್ನ, ವಸತಿ, ವಿದ್ಯೆ ಕೊಟ್ಟವರು ಅವರೇ. ಆದರೆ ಎಲ್ಲವನ್ನೂ ನಾವೊಬ್ಬರೇ ಮಾಡಬೇಕು, ನಮ್ಮ ಗೋಡೆಯೊಳಗೇ ಮಾಡಬೇಕು ಎಂಬ ಒಂದು ಅಭ್ಯಾಸ ನಮ್ಮ ಸಂಸ್ಥೆಗಳಲ್ಲಿ ಬೇರೂರಿದೆ. ಗೋಡೆಯ ಹೊರಗೆ ನಮಗೆ ಪರಿಚಯಸ್ಥರಿಲ್ಲದಿದ್ದರೆ ನಮ್ಮ ಮಕ್ಕಳಿಗೂ ಇರುವುದಿಲ್ಲ.

ಮದೀನಾದ ಮಸೀದಿಯ ಸುಫ್ಫಾವನ್ನು ನೆನಪಿಸಿಕೊಳ್ಳಿ. ಮನೆಮಾರಿಲ್ಲದ, ಬಂಧುಗಳಿಲ್ಲದ ಮುಸ್ಲಿಮರಿಗೆ ಅಲ್ಲಿ ನೆರಳಿತ್ತು. ಹ. ಅಬೂಹುರೈರಾ(ರ) ಅಲ್ಲಿ ತಂಗಿದ್ದವರು. ಇಬ್ಬರಿಗೆ ಸಾಲುವ ಊಟವಿದ್ದವರು ಮೂರನೆಯವನನ್ನು ಕರೆದೊಯ್ಯಬೇಕೆಂದು ಪ್ರವಾದಿ(ಸ) ಸೂಚಿಸಿದ್ದು ಹದೀಸ್‌ಗಳಲ್ಲಿದೆ. ಹ. ಉಬಾದಾ ಬಿನ್ ಸಾಮಿತ್(ರ) ಅಲ್ಲಿದ್ದವರಿಗೆ ಕುರ್‌ಆನ್ ಜೊತೆಗೆ ಬರವಣಿಗೆಯನ್ನೂ ಕಲಿಸುತ್ತಿದ್ದರು. ಸೂರು ಮಸೀದಿಯದ್ದು, ಊಟ ಸಹಾಬಿಗಳ ಮನೆಗಳದ್ದು, ಅಕ್ಷರ ಅದನ್ನು ಬಲ್ಲವರದ್ದು. ಇಂದು ಸರಕಾರಿ ಸುತ್ತೋಲೆಗಳಲ್ಲಿ 'ಸಹಭಾಗಿತ್ವ' ಎಂಬ ಭಾರವಾದ ಪದ ಬರುತ್ತದಲ್ಲ, ಅದು ನಮಗೆ ಹೊಸತೇನಲ್ಲ.

ಸೂರಃ ಅನ್ನಿಸಾದ 6ನೆಯ ಸೂಕ್ತವನ್ನು ನಾವು ಆಸ್ತಿಯ ವಿಚಾರವೆಂದಷ್ಟೇ ಓದುತ್ತೇವೆ. ಯತೀಮರನ್ನು ಪ್ರಾಯಕ್ಕೆ ಬರುವವರೆಗೂ ಪರೀಕ್ಷಿಸುತ್ತಿರಬೇಕು, ವಿವೇಕ ಮೂಡಿದ್ದು ಕಂಡಾಗ ಸೊತ್ತನ್ನು ಸಾಕ್ಷಿಗಳ ಮುಂದೆ ಒಪ್ಪಿಸಬೇಕು ಎಂಬುದು ಅದರ ಆಶಯ. ಅಂದರೆ ಒಪ್ಪಿಸುವುದು ಒಂದು ದಿನದ ಸಮಾರಂಭವಲ್ಲ, ವರ್ಷಗಳ ಸಿದ್ಧತೆ. ತಂದೆಯ ಸೊತ್ತೇ ಇಲ್ಲದ ಮಗುವಿಗೆ ಇಂದು ಒಪ್ಪಿಸಬೇಕಾದದ್ದು ಜನನ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಒಂದು ಕಸುಬು ಮತ್ತು ಫೋನ್ ಮಾಡಿದರೆ ಎತ್ತಿಕೊಳ್ಳುವ ನಾಲ್ಕು ಜನ.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 46ನೆಯ ಕಲಮು, ಮಕ್ಕಳ ಪಾಲನಾ ಸಂಸ್ಥೆಯಿಂದ ಹದಿನೆಂಟಕ್ಕೆ ಹೊರಬರುವವರಿಗೆ ಆರ್ಥಿಕ ನೆರವಿನ ಅವಕಾಶ ನೀಡಿದೆ. 2016ರ ಮಾದರಿ ನಿಯಮಗಳ ಪ್ರಕಾರ ಈ ಆಸರೆ 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ಇರಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ನಿಗದಿಯಾಗಿದೆ. ಆದರೆ ಇದರ ಬಾಗಿಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿದೆ. ಅದೇ ಕಾಯ್ದೆಯ 41ನೆಯ ಕಲಮಿನಡಿ ನೋಂದಣಿಯಾಗದ ಸಂಸ್ಥೆಯ ಹುಡುಗ ಆ ಬಾಗಿಲು ತಟ್ಟುವುದಾದರೂ ಹೇಗೆ? 2017ರಲ್ಲಿ ಸುಪ್ರೀಂ ಕೋರ್ಟ್ ಇಂತಹ ಎಲ್ಲ ಸಂಸ್ಥೆಗಳ ನೋಂದಣಿಗೆ ಆದೇಶಿಸಿದಾಗ ನಮ್ಮವರಲ್ಲಿ ಅನೇಕರು ಅದನ್ನು ಹಸ್ತಕ್ಷೇಪವೆಂದು ಭಯಪಟ್ಟರು. ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ತನಿಖೆಯ ಹೆಸರಿನಲ್ಲಿ ನಡೆಯುವ ಕಿರುಕುಳ ನಿಮಗೇ ಗೊತ್ತು. ಆದರೆ ನಮ್ಮ ಭಯದ ಬೆಲೆಯನ್ನು ತೆರುತ್ತಿರುವವನು ಆ ತಗಡಿನ ಪೆಟ್ಟಿಗೆಯ ಹುಡುಗ. ಲೆಕ್ಕಪತ್ರ ಸರಿಯಿಟ್ಟು, ನೋಂದಣಿ ಮಾಡಿಸಿ, ಅನ್ಯಾಯವಾದರೆ ಕಾನೂನಿನ ಮೂಲಕವೇ ಎದುರಿಸುವುದು ಉತ್ತಮ.

ಇನ್ನು ಆರೋಗ್ಯ. ಹೆತ್ತವರನ್ನು ಕಳೆದುಕೊಂಡ ಮಗು ರಾತ್ರಿ ನಿದ್ರಿಸದಿದ್ದರೆ ನಾವು ಓದಿ ಊದುತ್ತೇವೆ. ದುಆ ಬೇಕು, ವೈದ್ಯನೂ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ನಿಮ್ಮ ನಿಲಯದ ಗೋಡೆಯ ಮೇಲೆ, ವಾರ್ಡನ್‌ನ ಮೇಜಿನಿಂದ ದೂರದಲ್ಲಿ ಬರೆದಿರಲಿ.

ಕೆಲಸದ ಮಾತು ಚಿಕ್ಕದು: ಹತ್ತಿರದ ಸರಕಾರಿ ಐಟಿಐ ಅಥವಾ ಜಿಟಿಟಿಸಿಗೆ ಹುಡುಗರು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಒಮ್ಮೆ ಕರೆದೊಯ್ಯಿರಿ. ಎಲ್ಲರೂ ಆಲಿಮರಾಗುವುದಿಲ್ಲ, ಎಲ್ಲರೂ ಇಂಜಿನಿಯರರೂ ಆಗುವುದಿಲ್ಲ.

ಸಂಪರ್ಕವೆಂದರೆ ಉದ್ಘಾಟನೆಗೆ ಅಧಿಕಾರಿಯನ್ನು ಕರೆದು ಶಾಲು ಹೊದಿಸುವುದಲ್ಲ. ಆಸ್ಪತ್ರೆಯಲ್ಲಿ ಯಾರು, ಕಾನೂನು ಸೇವಾ ಪ್ರಾಧಿಕಾರದಲ್ಲಿ ಯಾರು, ನಮ್ಮ ಕಡೆಯಿಂದ ಯಾರು, ಯಾವ ಕೆಲಸ ಯಾರದ್ದು ಎಂಬುದು ಕಾಗದದ ಮೇಲಿರಬೇಕು. ಅಧಿಕಾರಿಗೆ ವರ್ಗಾವಣೆಯಾದರೂ ಆ ಕಾಗದ ಉಳಿಯುತ್ತದೆ. ಹಾಗೆಯೇ ಮಗುವಿನ ಕಥೆ ಅಗತ್ಯವಿದ್ದವರಿಗೆ, ಅಗತ್ಯವಿದ್ದಷ್ಟೇ ತಿಳಿಯಬೇಕು. ರಮಝಾನ್ ಬಂತೆಂದರೆ ಯತೀಮರನ್ನು ಸಾಲಾಗಿ ನಿಲ್ಲಿಸಿ ಝಕಾತ್‌ನ ಕರಪತ್ರಕ್ಕೆ ಫೋಟೋ ತೆಗೆಯುವ ನಮ್ಮ ಪದ್ಧತಿಯ ಬಗ್ಗೆ ಹೇಳಿದರೆ ಇಲ್ಲಿ ಕೆಲವರಿಗೆ ಬೇಸರವಾದೀತು. ಆಗಲಿ. ಆ ಕರಪತ್ರವನ್ನು ಅವನ ಸಹಪಾಠಿಗಳೂ ನೋಡುತ್ತಾರೆ.

ಮೊಹಲ್ಲಾದ ಕುಟುಂಬಗಳಿಗೂ ಒಂದು ಮಾತು. ವರ್ಷಕ್ಕೊಂದು ದಿನ ಬಿರಿಯಾನಿ ಕಳಿಸುವ ಬದಲು ಒಬ್ಬ ಹುಡುಗನನ್ನು ತಿಂಗಳಿಗೊಮ್ಮೆ ಮನೆಗೆ ಕರೆಯಿರಿ; ಸಂಸ್ಥೆಯವರು ನಿಮ್ಮ ವಿವರ ವಿಚಾರಿಸಿದರೆ ಮುನಿಸಿಕೊಳ್ಳಬೇಡಿ, ವಿಚಾರಿಸುವುದು ಅವರ ಕರ್ತವ್ಯ. ನಾಳೆ ಅವನಿಗೆ ಕೋಣೆ ಬೇಕಾದಾಗ ಜಾಮೀನು ನಿಲ್ಲುವವರು ನೀವೇ.

ಮಧ್ಯಾಹ್ನದ ಊಟಕ್ಕೆ ಏಳುವ ಮುನ್ನ ಒಂದು ವಿನಂತಿ. ಮುಂದಿನ ವರ್ಷದೊಳಗೆ ಹದಿನೆಂಟು ತುಂಬುವ ನಿಮ್ಮ ಮಕ್ಕಳು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಗೆ ಬ್ಯಾಂಕ್ ಖಾತೆಯಿದೆ ಎಂದು ಒಂದು ಚೀಟಿಯಲ್ಲಿ ಬರೆದು ಅಧ್ಯಕ್ಷರ ಕೈಗೆ ಕೊಡಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಮಧ್ಯಾಹ್ನದ ಚರ್ಚೆಯನ್ನು ಆ ಚೀಟಿಗಳಿಂದಲೇ ಆರಂಭಿಸೋಣ.