ಪಟ್ಟಿ ನಮ್ಮದು, ಸರದಿ ಚೀಟಿಯದು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಗ್ರಂಥಾಲಯ ಸಮಿತಿ ಏರ್ಪಡಿಸಿದ್ದ ಸಭೆಯಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



'ಓದುವ ಹವ್ಯಾಸ' ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಯವರು ಅಪ್ಪಣೆ ಮಾಡಿದ್ದಾರೆ. ಓದಬೇಕು, ಓದಿದರೆ ಜ್ಞಾನ ಬೆಳೆಯುತ್ತದೆ ಎಂಬ ಮಾತನ್ನು ನೀವು ಇಂತಹ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೀರಿ. ನಾನೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಹೇಳಿ ಸಂಬಳ ತಗೊಂಡವನು. ಆದ್ದರಿಂದ ಇವತ್ತು ಅದನ್ನು ಬಿಟ್ಟು, ಒಂದು ಖಾಲಿ ಬಿಸ್ಕತ್ತಿನ ಡಬ್ಬಿಯ ಬಗ್ಗೆ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ನಾವು ಆರೇಳು ಜನ ತಿಂಗಳ ಮೊದಲ ಭಾನುವಾರ ಒಬ್ಬರ ಮನೆಯಲ್ಲಿ ಸೇರುವ ರೂಢಿ ಮಾಡಿಕೊಂಡೆವು. ಒಬ್ಬರು ಬಟ್ಟೆ ಅಂಗಡಿಯವರು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ಎಂಜಿನಿಯರಿಂಗ್ ಓದುವ ಹುಡುಗ, ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಹೆಣ್ಣುಮಗಳು, ಹೀಗೆ. ಮೊದಲ ಮೂರು ನಾಲ್ಕು ಸಭೆಗಳಲ್ಲಿ ಚಹಾ ಚೆನ್ನಾಗಿತ್ತು, ಓದು ಮಾತ್ರ ನಡೆಯಲಿಲ್ಲ. ಯಾವ ಕಾದಂಬರಿ ಓದೋಣ ಎಂಬ ಚರ್ಚೆಯಲ್ಲೇ ಹೊತ್ತು ಹೋಗುತ್ತಿತ್ತು. ನಾನು ಕಾರಂತರ 'ಚೋಮನ ದುಡಿ' ಎನ್ನುತ್ತಿದ್ದೆ. 1933ರಲ್ಲಿ ಬಂದ ಆ ಕಾದಂಬರಿ ದೊಡ್ಡದೇ, ಸಂಶಯವಿಲ್ಲ. ಆದರೆ ನಾನು ಅದನ್ನು ಹೇಳುತ್ತಿದ್ದುದು ಪಾಠ ಮಾಡಿ ಮಾಡಿ ಬಾಯಿಗೆ ಬಂದಿದ್ದರಿಂದ. ಹೊಸದಾಗಿ ಓದುವ ಶ್ರಮ ಬೇಡವಾಗಿತ್ತು, ಅಷ್ಟೇ.

ಆಗ ಆ ಉಪನ್ಯಾಸಕಿ ಒಂದು ಉಪಾಯ ಸೂಚಿಸಿದರು. ಪ್ರತಿಯೊಬ್ಬರೂ ಇಪ್ಪತ್ತು ಹಳೆಯ, ಹೆಸರುವಾಸಿ ಕಾದಂಬರಿಗಳ ಪಟ್ಟಿ ಮಾಡಿ 1ರಿಂದ 20ರವರೆಗೆ ಸಂಖ್ಯೆ ಹಾಕಬೇಕು. ಪಟ್ಟಿಯಲ್ಲಿ ಐದು ನಮಗೆ ಆಸೆಯಿರುವಂಥವು, ಐದು ದಪ್ಪ ಕಂಡು ಹೆದರಿ ಬಿಟ್ಟಂಥವು, ಐದು ಬೇರೆ ಭಾಷೆಯವು. ಕೊನೆಯ ಐದು ಯಾವುದೋ ಕಾರಣಕ್ಕೆ ನಾವು ಬೇಕೆಂದೇ ದೂರ ಇಟ್ಟಂಥವು. ಆಮೇಲೆ ಡಬ್ಬಿಯಲ್ಲಿ ಇಪ್ಪತ್ತು ಚೀಟಿ ಹಾಕಿ, ಆ ಮನೆಯ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಬಂದ ಸಂಖ್ಯೆಗೆ ಯಾರ ಯಾರ ಪಟ್ಟಿಯಲ್ಲಿ ಯಾವ ಪುಸ್ತಕವಿದೆಯೋ ಅವರು ಅದನ್ನು ಎರಡು ತಿಂಗಳಲ್ಲಿ ಓದಿ ಬಂದು ಹೇಳಬೇಕು. ಚೀಟಿ ಬದಲಾಯಿಸುವಂತಿಲ್ಲ.

ಇದನ್ನು ಕೇಳಿದ ನಮ್ಮ ಬ್ಯಾಂಕಿನ ಹಿರಿಯರು ಗಡ್ಡ ಸವರಿಕೊಂಡು, "ಮೇಷ್ಟ್ರೇ, ಇದು ಜೂಜಾಗುವುದಿಲ್ಲವಾ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಜೂಜಿನಲ್ಲಿ ಪಣವಿರುತ್ತದೆ, ಒಬ್ಬನ ನಷ್ಟ ಇನ್ನೊಬ್ಬನ ಲಾಭವಾಗುತ್ತದೆ. ಇಲ್ಲಿ ಯಾರ ಜೇಬಿಗೂ ಕತ್ತರಿಯಿಲ್ಲ. ಸಮಾನ ಹಕ್ಕುಳ್ಳವರ ನಡುವೆ ಪಕ್ಷಪಾತವಾಗದಿರಲೆಂದು ಸರದಿ ಎತ್ತುವುದು ನಮಗೆ ಹೊಸತಲ್ಲ. ಪ್ರವಾದಿಯವರು (ಸ) ಪ್ರಯಾಣ ಹೊರಡುವಾಗ ಯಾವ ಪತ್ನಿ ಜೊತೆಗೆ ಬರಬೇಕೆಂಬುದನ್ನು ಹೀಗೆಯೇ ತೀರ್ಮಾನಿಸುತ್ತಿದ್ದರೆಂದು ಹದೀಸಿನಲ್ಲಿದೆ. ಹಜ್ ಯಾತ್ರೆಗೆ ಅರ್ಜಿಗಳು ಹೆಚ್ಚಾದಾಗ ಹಜ್ ಕಮಿಟಿಯವರು ಮಾಡುವ ಖುರ್ರಾ ಕೂಡ ಅದೇ ಕ್ರಮ. ಇನ್ನೊಂದು ಪದ್ಧತಿಯೂ ಇತ್ತು. ಹಾಫಿಜನ ದಿವಾನನ್ನು ಕಣ್ಣುಮುಚ್ಚಿ ತೆರೆದು, ಸಿಕ್ಕಿದ ಪದ್ಯದಲ್ಲಿ ಭವಿಷ್ಯ ನೋಡುವುದು. ಪಟ್ನಾದ ಖುದಾ ಬಕ್ಷ್ ಗ್ರಂಥಾಲಯದಲ್ಲಿರುವ ಹಾಫಿಜನ ಪ್ರತಿಯೊಂದರ ಅಂಚಿನಲ್ಲಿ ಹುಮಾಯೂನ್ ಮತ್ತು ಜಹಾಂಗೀರ್ ತಾವು ಹೀಗೆ ನೋಡಿದ ಫಾಲ್‌ಗಳನ್ನು ಸ್ವಹಸ್ತದಿಂದ ಬರೆದಿಟ್ಟಿದ್ದಾರೆ. ಬಾದಷಹರು ಪುಸ್ತಕವನ್ನು ತಮ್ಮ ನಾಳೆಯ ಬಗ್ಗೆ ಕೇಳಿದರು. ನಾವು ಚೀಟಿಯನ್ನು ಕೇಳುವುದು ನಾಳೆ ಯಾವ ಪುಸ್ತಕ ಎಂದು ಮಾತ್ರ. ಹಿರಿಯರು ನಕ್ಕು ಒಪ್ಪಿದರು.

ಮೊದಲ ಚೀಟಿಗೇ ಬಟ್ಟೆ ಅಂಗಡಿಯವರಿಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಂತು. 1967ರ ಕೃತಿ, ಏಳುನೂರಕ್ಕೂ ಹೆಚ್ಚು ಪುಟ. ಅವರ ಮುಖ ನೋಡಬೇಕಿತ್ತು! ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲಿಟ್ಟುಕೊಂಡು ದಿನಕ್ಕೆ ಹನ್ನೆರಡು ಹದಿಮೂರು ಪುಟದಂತೆ ಓದಿ, ಎರಡು ತಿಂಗಳಿಗೆ ಸರಿಯಾಗಿ ಮುಗಿಸಿದರು. ಈಗ ಅವರ ಮುಂದೆ ಯಾರಾದರೂ ದಪ್ಪ ಪುಸ್ತಕಕ್ಕೆ ಹೆದರಿದರೆ ಅವರಿಗೇ ಸಿಟ್ಟು ಬರುತ್ತದೆ. ಎಂಜಿನಿಯರಿಂಗ್ ಹುಡುಗನಿಗೆ ವೈಕಂ ಮುಹಮ್ಮದ್ ಬಷೀರರ 'ಬಾಲ್ಯಕಾಲಸಖಿ' ಬಂತು. 1944ರ ಆ ಪುಟ್ಟ ಕಾದಂಬರಿಯನ್ನು ಅನುವಾದದಲ್ಲಿ ಒಂದೇ ರಾತ್ರಿಗೆ ಓದಿ ಮುಗಿಸಿ, ಬೆಳಿಗ್ಗೆಯೇ ಫೋನ್ ಮಾಡಿ "ಅಂಕಲ್, ಇನ್ನೊಂದು ಚೀಟಿ" ಎಂದ. ಕೊಡಲಿಲ್ಲ. ಉಳಿದ ದಿನಗಳಲ್ಲಿ ಎರಡನೆಯ ಸಲ ಓದು ಎಂದೆವು. ಓದಿದ. ಎರಡನೆಯ ಸಲ ಅತ್ತನಂತೆ.

ಇನ್ನು ನನ್ನ ಸರದಿ. ಮೊದಲು ಬಂದದ್ದು ಮಿರ್ಜಾ ಹಾದಿ ರುಸ್ವಾ ಅವರ 'ಉಮ್ರಾವ್ ಜಾನ್ ಅದಾ'. ಸಿನಿಮಾ ನೋಡಿದ್ದೆ, ಹಾಡು ಗುನುಗಿದ್ದೆ, ಪುಸ್ತಕ ಓದಿರಲಿಲ್ಲ. ಫೈಜಾಬಾದಿನ ಅಮೀರನ್ ಎಂಬ ಪುಟ್ಟ ಹುಡುಗಿಯನ್ನು ಅಪ್ಪನ ಮೇಲಿನ ಹಗೆಗೆ ಒಬ್ಬ ಅಪಹರಿಸುತ್ತಾನೆ. ಅವಳು ಲಖನೌದ ಕೋಠಿಯೊಂದಕ್ಕೆ ಮಾರಾಟವಾಗುತ್ತಾಳೆ. ಅಲ್ಲಿ ಮೌಲ್ವಿ ಸಾಹೇಬರಿಂದ ಅಕ್ಷರ ಕಲಿತು ಕವಯಿತ್ರಿಯಾಗುತ್ತಾಳೆ. ಎರಡನೆಯ ಸಲ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಪರೀಕ್ಷೆಗೆ ನೂರಾರು ಮಕ್ಕಳಿಂದ ಬರೆಸಿದ್ದೆ. ಒಳಗೆ ಏನಿದೆ ಎಂದು ನೋಡಿರಲಿಲ್ಲ. ಬಾಲವಿಧವೆಯಾದ ಇಂದಿರೆ ಮನೆ ಬಿಟ್ಟು, ಸಜ್ಜನರ ಆಶ್ರಯ ಪಡೆದು, ಓದಿ ಮರುವಿವಾಹವಾಗುವ ಕಥೆ ಅದು. ಓದಿ ಮುಗಿಸಿದ ಮೇಲೆ ಇಸವಿ ನೋಡಿದರೆ ಮಂಗಳೂರಿನ ಈ ಪುಸ್ತಕವೂ 1899, ಲಖನೌದ ಆ ಪುಸ್ತಕವೂ 1899! ಇವೆರಡನ್ನು ಪಕ್ಕಪಕ್ಕ ಇಟ್ಟು ಕಲಿಸುವ ಪಠ್ಯಕ್ರಮವನ್ನು ನಾನು ಕಂಡಿಲ್ಲ. ಒಬ್ಬಳು ಬದುಕನ್ನು ಗೆದ್ದುಕೊಂಡಳು, ಇನ್ನೊಬ್ಬಳಿಗೆ ಮನೆಯ ಬಾಗಿಲು ಮತ್ತೆ ತೆರೆಯಲಿಲ್ಲ. ಇಬ್ಬರಿಗೂ ಕೈಹಿಡಿದದ್ದು ಅಕ್ಷರ. ಇದನ್ನು ನನಗೆ ತೋರಿಸಿದ್ದು ಒಂದು ಮಗುವಿನ ಕೈ ಎತ್ತಿದ ಎರಡು ಚೀಟಿ.

ಮೂರನೆಯ ಚೀಟಿ 17. ಪಟ್ಟಿ ನೋಡಿದೆ. 'ಚಂದ್ರಗಿರಿಯ ತೀರದಲ್ಲಿ'. ಬರೆದವರು ಸಾರಾ ಅಬೂಬಕ್ಕರ್.

ಇಲ್ಲಿ ನಾನು ತಮ್ಮೆದುರು ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಆ ಕಾದಂಬರಿ 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಾಗ ನಾನು ಯುವಕ. ನಮ್ಮ ಹಿರಿಯರು ಕೆಲವರು ಅದರ ಬಗ್ಗೆ ಮುನಿಸಿಕೊಂಡಿದ್ದರು. ಓದಿ ಮುನಿಸಿಕೊಂಡವರು ಎಷ್ಟು ಜನವೋ ನಾನು ಕೇಳಲಿಲ್ಲ. ನಾನೂ ಓದದೆಯೇ ಮುನಿಸಿಕೊಂಡೆ. ಮುಂದೆ ಮೇಷ್ಟ್ರಾಗಿ ಶಾಲೆಯ ಪುಸ್ತಕದ ಬೀರು ನನ್ನ ವಶಕ್ಕೆ ಬಂತು. ಒಂದು ದಿನ ಹತ್ತನೆಯ ತರಗತಿಯ ನಮ್ಮವರದೇ ಒಬ್ಬ ಹುಡುಗಿ ಈ ಪುಸ್ತಕ ಹಿಡಿದು ರಿಜಿಸ್ಟರಿನಲ್ಲಿ ಬರೆಸಲು ಬಂದಳು. "ಇದು ಈಗ ಬೇಡಮ್ಮ, ಒಳ್ಳೆಯ ಪುಸ್ತಕವಲ್ಲ" ಎಂದೆ. ಅವಳು ತಲೆ ತಗ್ಗಿಸಿಕೊಂಡೇ, "ಸರ್, ನೀವು ಓದಿದ್ದೀರಾ?" ಎಂದು ಕೇಳಿದಳು. ನಾನು "ಹೂಂ, ಓದಿದ್ದೇನೆ" ಎಂದೆ. ಅವಳು "ಆಯ್ತು ಸರ್" ಎಂದು ಪುಸ್ತಕ ಮೇಜಿನ ಮೇಲಿಟ್ಟು ಹೋದಳು.

ಸುಳ್ಳು ಹೇಳಿದೆ, ಮಹನೀಯರೇ. ಆ ಸುಳ್ಳಿನ ಮೇಲೆ ಮೂವತ್ತು ವರ್ಷ ಕುಳಿತಿದ್ದೆ. ಕಪಾಟಿನ ಮುಂದೆ ನಿಂತಾಗಲೆಲ್ಲ ನನ್ನ ಕೈ ಆ ಪುಸ್ತಕವನ್ನು ದಾಟಿ ಮುಂದಿನದಕ್ಕೆ ಹೋಗುತ್ತಿತ್ತು. ಏಳುನೂರು ಪುಟದ ಕಾದಂಬರಿಗೆ ಹೆದರುವವರನ್ನು ಕಂಡು ನಗುತ್ತಿದ್ದ ನಾನು ಹೆದರಿದ್ದು ಎರಡು ಸಂಜೆಯಲ್ಲಿ ಮುಗಿಯುವ ಒಂದು ತೆಳು ಪುಸ್ತಕಕ್ಕೆ.

ಓದಿದೆ. ಕಾಸರಗೋಡಿನ ಚಂದ್ರಗಿರಿ ಹೊಳೆಯ ದಡದ ನಾದಿರಾಳ ಕಥೆ. ಗಂಡ ರಶೀದ್ ಒಳ್ಳೆಯವನು, ಸಂಸಾರ ಸುಖವಾಗಿದೆ. ತಂದೆಯ ಹಟ ಮತ್ತು ಹಣದ ಜಗಳದಲ್ಲಿ ತಲಾಖ್ ಆಗಿಹೋಗುತ್ತದೆ. ಗಂಡನಿಗೂ ಬೇಡದ, ಹೆಂಡತಿಗೂ ಬೇಡದ ತಲಾಖ್. ಮತ್ತೆ ಒಂದಾಗಬೇಕೆಂದರೆ ಅವಳು ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಬರಬೇಕು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಮುಂದಿನದನ್ನು ನಾನು ಹೇಳುವುದಿಲ್ಲ, ಓದದವರು ಓದಲಿ. ನಾನು ಹೇಳುವುದಿಷ್ಟೇ: ಆ ಪುಸ್ತಕದಲ್ಲಿ ದ್ವೇಷ ಹುಡುಕುತ್ತಾ ಹೋದ ನನಗೆ ಸಿಕ್ಕಿದ್ದು ನಮ್ಮ ಬೀದಿಯ ಒಬ್ಬ ಹೆಣ್ಣುಮಗಳ ನಿಟ್ಟುಸಿರು. ಅಂಥ ಮನೆಗಳು ನನಗೆ ಗೊತ್ತಿದ್ದವು. ಒಂದೇ ಉಸಿರಿನಲ್ಲಿ ಹೇಳುವ ತ್ರಿವಳಿ ತಲಾಖ್ ಅಸಿಂಧುವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2017ರ ಆಗಸ್ಟಿನಲ್ಲಿ. ತಲಾಖಿನ ಹೆಸರಿನಲ್ಲಿ ಹೆಣ್ಣಿಗಾಗುವ ಅನ್ಯಾಯವನ್ನು ನಮ್ಮೊಳಗಿನ ಒಬ್ಬ ತಾಯಿ ಮೂವತ್ತಾರು ವರ್ಷ ಮೊದಲೇ ಕನ್ನಡದಲ್ಲಿ ಹೇಳಿಯಾಗಿತ್ತು. ಆಗಲೇ ಕೂತು ಓದಿ, ನಮ್ಮಲ್ಲೇ ಮಾತನಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡರು. ಅವರಿಗೆ ಒಂದು ಪತ್ರ ಬರೆಯುವ ಅವಕಾಶವೂ ನನಗೆ ಉಳಿಯಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು.

ಇದೆಲ್ಲ ಚೀಟಿಯ ಮಹಿಮೆ ಎಂದು ದಯವಿಟ್ಟು ತಿಳಿಯಬೇಡಿ. ಚೀಟಿಗೆ ಬುದ್ಧಿಯಿಲ್ಲ. ಅದಕ್ಕೆ ನನ್ನ ಗುರುತೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಅದರ ಉಪಕಾರ ಇರುವುದೇ ಅಲ್ಲಿ. ನಾವು ಆರಿಸುವಾಗ ನಮ್ಮ ಭಯ, ಸೋಮಾರಿತನ, ಪೂರ್ವಗ್ರಹ ಎಲ್ಲವೂ ಸೇರಿ ಆರಿಸುತ್ತವೆ. ಚೀಟಿಗೆ 17 ಬೇರೆಯಲ್ಲ, 4 ಬೇರೆಯಲ್ಲ. ಇಪ್ಪತ್ತಕ್ಕೂ ಒಂದೇ ಮರ್ಯಾದೆ. ಆದರೆ ಆ ಪುಸ್ತಕವನ್ನು ಪಟ್ಟಿಗೆ ಸೇರಿಸಿದ್ದು ನಾನೇ. ಸೇರಿಸದಿದ್ದರೆ ಸಾವಿರ ಚೀಟಿ ಎತ್ತಿದರೂ ಅದು ಬರುತ್ತಿರಲಿಲ್ಲ. ಒಳಗೆ ಎಲ್ಲೋ ಓದಬೇಕೆಂಬ ಮನಸ್ಸಿತ್ತು. 'ಇನ್ನೊಮ್ಮೆ ನೋಡೋಣ' ಎಂಬ ನೆಪವನ್ನು ಮಾತ್ರ ಚೀಟಿ ಕಿತ್ತುಕೊಂಡಿತು.

ಆದ್ದರಿಂದ ಸಂಘದವರಲ್ಲಿ ನನ್ನದೊಂದು ವಿನಂತಿ. ನಮ್ಮ ಗ್ರಂಥಾಲಯದಲ್ಲಿ ಇಂಥದೊಂದು ಡಬ್ಬಿ ಇಡಿ. ಖರ್ಚಿಲ್ಲ, ಡಬ್ಬಿ ನಾನೇ ಕೊಡುತ್ತೇನೆ. ರಜೆಯಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಪಟ್ಟಿ ತಾನೇ ಬರೆಯಲಿ. ಚಿಕ್ಕವರಿಗೆ ಹತ್ತು ಸಾಕು. ಪಟ್ಟಿಯಲ್ಲಿ ತಾನು ದೂರವಿಟ್ಟ ಪುಸ್ತಕವೊಂದಾದರೂ ಇರಲಿ. ತಂದೆತಾಯಿಯರೂ ಒಂದು ಪಟ್ಟಿ ಮಾಡಲಿ, ಮೇಷ್ಟ್ರುಗಳಂತೂ ಮಾಡಲೇಬೇಕು. ಬೀರುವಿನ ಬೀಗದ ಕೈ ಯಾರ ಹತ್ತಿರವಿದೆಯೋ ಅವರು ಎಲ್ಲರಿಗಿಂತ ಮೊದಲು ಚೀಟಿ ಎತ್ತಲಿ.

ಮಕ್ಕಳೇ, ನಿಮಗೊಂದು ಮಾತು. ಯಾರಾದರೂ ಒಂದು ಪುಸ್ತಕ ಕೆಟ್ಟದ್ದು ಎಂದರೆ, ಆ ಹುಡುಗಿ ಕೇಳಿದ ಪ್ರಶ್ನೆಯನ್ನು ವಿನಯದಿಂದ ಕೇಳಿ. ಉತ್ತರ ಕೊಡುವವರು ನಿಜ ಹೇಳಲಿ.

ಆ ಕಾದಂಬರಿಯ ಎರಡು ಪ್ರತಿಗಳನ್ನು ಇವತ್ತು ಗ್ರಂಥಾಲಯಕ್ಕೆ ಕೊಡಲೆಂದು ತಂದಿದ್ದೇನೆ. ರಿಜಿಸ್ಟರಿನಲ್ಲಿ ಮೊದಲ ಹೆಸರು ಒಬ್ಬ ವಿದ್ಯಾರ್ಥಿನಿಯದಾದರೆ ನನಗೆ ಸಂತೋಷ.